ಹೃದಯಕ್ಕೆ ಸ್ಟೆಂಟ್ ಎಂದಾಗ: ಯಾವುದು, ಯಾಕೆ, ಎಷ್ಟಕ್ಕೆ

‘ಅಪ್ಪನಿಗೆ ಎರಡು ಬ್ಲಾಕ್ ಇದೆಯಂತೆ. ಇಂಡಿಯನ್ ಸ್ಟೆಂಟ್ ಹಾಕಿಸೋಣವೇ, ಫಾರಿನ್ ಹಾಕಿಸೋಣವೇ? ಕರಗುವ ಸ್ಟೆಂಟ್ ಬಂದಿದೆಯಂತಲ್ಲ, ಅದು ಹೇಗೆ?’ ಹೃದ್ರೋಗದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಮರಳಿ ಮರಳಿ ಬರುವ ಪ್ರಶ್ನೆ ಇದು. ಸ್ಟೆಂಟ್ ಎಂದರೆ ತಡೆಯಾದ ಹೃದಯದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಪುಟ್ಟ ಜಾಲರಿ ಕೊಳವೆ. ಪ್ರಶ್ನೆ ಸಹಜವೇ ಆಗಿದೆ. ಆದರೆ ಇದಕ್ಕಿಂತ ಮೊದಲು ಕೇಳಬೇಕಾದ ಎರಡು ಮೂರು ಪ್ರಶ್ನೆಗಳಿವೆ, ಸ್ಟೆಂಟ್ ಒಳಗೆ ಕೂತ ಮೇಲೆ ಕೇಳಬೇಕಾದ ಪ್ರಶ್ನೆಗಳೂ ಇವೆ, ಮತ್ತು ರೋಗಿಯ ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸುವುದು ಹೆಚ್ಚಾಗಿ ಅವುಗಳೇ. ಹಾಗಾಗಿ ಈ ಲೇಖನದಲ್ಲಿ ಕಂಪನಿಯ ಹೆಸರಿನಿಂದ ಆರಂಭಿಸದೆ, ಆಂಜಿಯೋಗ್ರಾಂ, ಎಂದರೆ ಬಣ್ಣದ ದ್ರಾವಣ ಬಿಟ್ಟು ತೆಗೆಯುವ ರಕ್ತನಾಳಗಳ ಎಕ್ಸ್‌ರೇ ಚಿತ್ರದ, ವರದಿ ಕೈಗೆ ಬಂದಲ್ಲಿಂದ ಆರಂಭಿಸಿದ್ದೇನೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ; ಅವರೊಡನೆ ಕೂತು ಮಾತಾಡಲು ಬೇಕಾದ ತಯಾರಿ.

ಮೊದಲು ಕೈಯಲ್ಲಿರಬೇಕಾದವು

ಒಂದು ಫೈಲಿನಲ್ಲಿ ಇಷ್ಟನ್ನು ಜೋಡಿಸಿಟ್ಟುಕೊಳ್ಳಿ: ಆಂಜಿಯೋಗ್ರಾಂ ವರದಿ ಮತ್ತು ಅದರ ಸಿ.ಡಿ. ಅಥವಾ ಪೆನ್‌ಡ್ರೈವ್, ಇ.ಸಿ.ಜಿ., ಎಕೋ ವರದಿ, ರಕ್ತದ ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್ ಫಲಿತಾಂಶ, ಸದ್ಯ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ರೇಷನ್ ಕಾರ್ಡ್ ಮತ್ತು ವಿಮೆಯ ಕಾಗದಗಳು. ಕ್ರಿಯಾಟಿನಿನ್ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುತ್ತದೆ. ಆಂಜಿಯೋಗೆ ಬಳಸುವ ಬಣ್ಣದ ದ್ರಾವಣ ದುರ್ಬಲ ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ ಈ ಅಂಕಿ ಮುಖ್ಯ.

ಕಾಗದದಲ್ಲಿಲ್ಲದ ಎರಡು ಸಂಗತಿಗಳನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಒಂದು, ರೋಗಿಗೆ ಹಿಂದೆ ಹೊಟ್ಟೆಯ ಹುಣ್ಣಿನಿಂದಲೋ ಮೂಲವ್ಯಾಧಿಯಿಂದಲೋ ರಕ್ತಸ್ರಾವ ಆಗಿತ್ತೇ ಎಂಬುದು. ಇನ್ನೊಂದು, ಮುಂದಿನ ಆರೇಳು ತಿಂಗಳಲ್ಲಿ ಹರ್ನಿಯಾ, ಮಂಡಿಚಿಪ್ಪು, ಗರ್ಭಕೋಶ ಹೀಗೆ ಬೇರೆ ಯಾವುದಾದರೂ ಶಸ್ತ್ರಚಿಕಿತ್ಸೆ ಮಾಡಿಸುವ ಯೋಚನೆ ಇದೆಯೇ ಎಂಬುದು. ಇವೆರಡರ ಮೇಲೆ ಸ್ಟೆಂಟಿನ ಆಯ್ಕೆಯೂ ಮಾತ್ರೆಯ ಅವಧಿಯೂ ಬದಲಾಗುತ್ತವೆ.

ಹಂತ 1: ಇದು ತುರ್ತೋ, ಅಲ್ಲವೋ?

ಹೃದಯದ ರಕ್ತನಾಳ ಪೂರ್ತಿ ಮುಚ್ಚಿಹೋಗಿ ಆಗುವ ದೊಡ್ಡ ಹೃದಯಾಘಾತದಲ್ಲಿ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಆಗ ಸ್ಟೆಂಟಿನ ಬ್ರ್ಯಾಂಡ್ ವಿಚಾರಿಸುತ್ತಾ ಕೂರುವಂತಿಲ್ಲ. ಸಹಿ ಹಾಕಿ ಒಳಗೆ ಕಳಿಸಬೇಕು. ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬ್, ಎಂದರೆ ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ನೀಡುವ ಕೋಣೆ, ತಲುಪಲು ಸಾಧ್ಯವಿಲ್ಲದ ಊರಿನಲ್ಲಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಪಡೆದು, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗುವುದು ಸರಿಯಾದ ದಾರಿ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ತತ್ವದ ಮೇಲೆಯೇ ನಿಂತಿದೆ: ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ಕೇಂದ್ರದ ತಜ್ಞರು ಅದನ್ನು ನೋಡಿ ಹೇಳಿದ ಮೇಲೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಇಲ್ಲಿ ಜನ ಮಾಡುವ ತಪ್ಪೆಂದರೆ, ಎದೆ ಉರಿಯನ್ನು ಗ್ಯಾಸ್ ಎಂದು ರಾತ್ರಿಯಿಡೀ ಕಳೆದು, ಬೆಳಿಗ್ಗೆ ನೇರವಾಗಿ ಬೆಂಗಳೂರಿಗೆ ಕಾರು ಹತ್ತುವುದು. ದಾರಿಯಲ್ಲಿರುವ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು ಹೋಗಬೇಡಿ.

ತುರ್ತಲ್ಲದ ಸಂದರ್ಭವೇ ಬೇರೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುವ ಸ್ಥಿರವಾದ ಎದೆನೋವಿನಲ್ಲಿ ಯೋಚಿಸಲು ದಿನಗಳಲ್ಲ, ವಾರಗಳೇ ಸಿಗುತ್ತವೆ. ಭಾರತವೂ ಸೇರಿದಂತೆ 37 ದೇಶಗಳ 5,179 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ ಇಂಥವರ ಬಗ್ಗೆಯೇ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ (ತಡೆಯನ್ನು ಬಳಸಿಹೋಗುವ ದಾರಿ ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿಸಿದ್ದರಿಂದ ಸಾವಾಗಲೀ ಒಟ್ಟು ಹೃದಯಾಘಾತಗಳಾಗಲೀ ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ; ಎದೆನೋವು ಮಾತ್ರ ಹೆಚ್ಚು ಜನರಲ್ಲಿ ತಗ್ಗಿತು. ಎಡ ಮುಖ್ಯ ರಕ್ತನಾಳದಲ್ಲಿ ತಡೆ ಇದ್ದವರನ್ನೂ ಹೃದಯದ ಬಲ ಬಹಳ ಕುಗ್ಗಿದ್ದವರನ್ನೂ ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ ಎಂಬುದು ನೆನಪಿರಲಿ. ಬ್ರಿಟನ್ನಿನಲ್ಲಿ 2023ರಲ್ಲಿ ಮುಗಿದ ಆರ್ಬಿಟಾ-2 ಅಧ್ಯಯನದಲ್ಲಿ ಸ್ಟೆಂಟ್ ಹಾಕಿಸಿಕೊಂಡ 100 ಮಂದಿಯಲ್ಲಿ ಸುಮಾರು 40 ಮಂದಿಗೆ ನೋವು ಪೂರ್ತಿ ಹೋಯಿತು. ಸ್ಟೆಂಟ್ ಹಾಕದೆ, ಹಾಕಿದಂತೆ ತೋರಿಕೆಗೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಆ ಸಂಖ್ಯೆ ಸುಮಾರು 15. ಸ್ಟೆಂಟಿನಿಂದ ನೋವಿಗೆ ಪರಿಹಾರ ಸಿಗುವುದು ನಿಜ, ಎಲ್ಲರಿಗೂ ಸಿಗದಿರುವುದೂ ನಿಜ.

‘ಇವತ್ತೇ ಹಾಕದಿದ್ದರೆ ನಾಳೆ ಏನಾಗುತ್ತದೋ ಹೇಳಲಾಗದು’ ಎಂಬ ಮಾತನ್ನು ಸ್ಥಿರವಾದ ನೋವಿನ ರೋಗಿಗೆ ಹೇಳಿದಾಗ, ‘ಯಾವ ಪರೀಕ್ಷೆಯ ಆಧಾರದಿಂದ ಇದು ತುರ್ತು ಎನ್ನುತ್ತೀರಿ?’ ಎಂದು ವಿನಯದಿಂದಲೇ ಕೇಳಿ. ನಿಜವಾದ ತುರ್ತಿದ್ದರೆ ವೈದ್ಯರ ಬಳಿ ಉತ್ತರ ಸಿದ್ಧವಿರುತ್ತದೆ.

ಹಂತ 2: ವರದಿಯನ್ನು ಓದುವುದು

ವರದಿಯಲ್ಲಿ ಮುಖ್ಯವಾಗಿ ನಾಲ್ಕು ಹೆಸರುಗಳು ಬರುತ್ತವೆ. ಎಡ ಮುಖ್ಯ ನಾಳ ದೊಡ್ಡ ಕಾಲುವೆಯಿದ್ದಂತೆ. ಅದು ಎಲ್‌ಎಡಿ ಮತ್ತು ಎಲ್‌ಸಿಎಕ್ಸ್ ಎಂದು ಎರಡಾಗಿ ಒಡೆದು ಹೃದಯದ ಮುಂಭಾಗ ಮತ್ತು ಪಕ್ಕದ ಭಾಗಗಳಿಗೆ ರಕ್ತ ಒಯ್ಯುತ್ತದೆ. ಬಲಬದಿಯದು ಆರ್‌ಸಿಎ. ಪ್ರತಿಯೊಂದರ ಮುಂದೆ ಶೇಕಡಾ ಅಂಕಿ ಇರುತ್ತದೆ. ಈ ಅಂಕಿಯನ್ನು ಬಹಳಷ್ಟು ಸಲ ಪರದೆಯ ಮೇಲಿನ ನೆರಳನ್ನು ಕಣ್ಣಳತೆಯಲ್ಲಿ ನೋಡಿ ಬರೆದಿರುತ್ತಾರೆ, ಅದೇ ಸಿ.ಡಿ. ನೋಡಿ ಒಬ್ಬರು ಶೇ 60 ಎಂದರೆ ಇನ್ನೊಬ್ಬರು ಶೇ 75 ಎನ್ನಬಹುದು.

ಶೇ 40ರಿಂದ 70ರ ನಡುವಿನ ಈ ಅನುಮಾನದ ತಡೆಗಳಿಗಾಗಿ ಎಫ್‌ಎಫ್‌ಆರ್ ಎಂಬ ಅಳತೆ ಇದೆ. ತುದಿಯಲ್ಲಿ ಒತ್ತಡ ಅಳೆಯುವ ಸಾಧನವಿರುವ ತೆಳು ತಂತಿಯನ್ನು ತಡೆಯ ಆಚೆಗೆ ತೂರಿಸಿ, ಆಚೆಯ ಒತ್ತಡ ಈಚೆಯದರ ಎಷ್ಟು ಪಾಲು ಉಳಿದಿದೆ ಎಂದು ನೋಡುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತದ ಹರಿವಿಗೆ ನಿಜವಾಗಿ ಅಡ್ಡಿಯಾಗಿದೆ ಎಂದರ್ಥ. ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು. ಗಡಿಯಲ್ಲಿರುವ ತಡೆಗೆ ಸ್ಟೆಂಟ್ ಸೂಚಿಸಿದಾಗ ‘ಎಫ್‌ಎಫ್‌ಆರ್ ನೋಡಿದಿರಾ?’ ಎಂದು ಕೇಳುವುದು ಉದ್ಧಟತನವಲ್ಲ.

ಮಧುಮೇಹವಿದ್ದು, ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ ಈ ಮೂರೂ ನಾಳಗಳಲ್ಲಿ ತಡೆ ಇದ್ದರೆ ಬೈಪಾಸ್ ಬಗ್ಗೆ ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನೂ ಪಡೆಯಲೇಬೇಕು. 2012ರ ಫ್ರೀಡಂ ಅಧ್ಯಯನದಲ್ಲಿ ಇಂಥ ರೋಗಿಗಳು ಬೈಪಾಸ್ ನಂತರ ಹೆಚ್ಚು ಕಾಲ ಬದುಕಿದರು. ‘ಎದೆ ಸೀಳುವುದು ಬೇಡ, ನಾಲ್ಕು ಸ್ಟೆಂಟ್ ಹಾಕಿಬಿಡಿ’ ಎಂದು ಮನೆಯವರೇ ಒತ್ತಾಯಿಸುವುದನ್ನು ನೋಡುತ್ತೇವೆ. ಎಷ್ಟೇ ಹೊಸ ಸ್ಟೆಂಟಾದರೂ ಈ ಲೆಕ್ಕ ಇನ್ನೂ ತಲೆಕೆಳಗಾಗಿಲ್ಲ.

ಹಂತ 3: ಸ್ಟೆಂಟ್ ಎಂದರೇನು, ಅದರಲ್ಲಿ ಹೊಸದು ಯಾವುದು

ಜ್ಯೂರಿಚ್‌ನಲ್ಲಿ 1977ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಹೃದಯದ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಹಿಗ್ಗಿದ ನಾಳ ಮತ್ತೆ ಕುಸಿಯುತ್ತಿತ್ತು. ಅದಕ್ಕೆ ಊರುಗೋಲಾಗಿ 1986ರಲ್ಲಿ ಲೋಹದ ಜಾಲರಿಯ ಕೊಳವೆಯನ್ನು ಮನುಷ್ಯರಲ್ಲಿ ಇಟ್ಟರು, ಅದೇ ಸ್ಟೆಂಟ್. ಈಗ ಹೊಸ ತೊಡಕು ಶುರುವಾಯಿತು. ಲೋಹದ ಗಾಯಕ್ಕೆ ಪ್ರತಿಯಾಗಿ ನಾಳದ ಒಳಗೋಡೆಯ ಅಂಗಾಂಶ ಬೆಳೆದು, ಐದಾರು ತಿಂಗಳಲ್ಲಿ ಜಾಲರಿಯೊಳಗೇ ಮತ್ತೆ ತಡೆ ಆಗುತ್ತಿತ್ತು, ಅದೂ ಸುಮಾರು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ. ಈ ಬೆಳವಣಿಗೆಯನ್ನು ತಡೆಯಲು ಜಾಲರಿಗೆ ಔಷಧ ಲೇಪಿಸಿದರು. ಮೊದಲು ಬಂದ ಔಷಧ ಸಿರೋಲಿಮಸ್. ಅದು ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಾಣುವಿನಿಂದ. ಹೃದಯಕ್ಕೆ ಬರುವ ಮೊದಲು ಅದು ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ನೋಡಿಕೊಳ್ಳುವ ಮದ್ದಾಗಿತ್ತು. ಇಂದು ನಿಮಗೆ ಹಾಕುವುದು ಹೆಚ್ಚುಕಡಿಮೆ ಖಂಡಿತವಾಗಿ ಔಷಧ ಲೇಪಿತ ಸ್ಟೆಂಟೇ, ಆಸ್ಪತ್ರೆಯ ಭಾಷೆಯಲ್ಲಿ ಡಿಇಎಸ್. ಬರಿಯ ಲೋಹದ ಸ್ಟೆಂಟ್ ಈಗ ಬಹುಪಾಲು ಹಳೆಯ ಕಥೆ.

ಆದ್ದರಿಂದ ‘ಮೆಡಿಕೇಟೆಡ್ ಸ್ಟೆಂಟ್ ಹಾಕಿದ್ದೇವೆ, ಅದಕ್ಕೇ ಇಷ್ಟು ಖರ್ಚು’ ಎಂಬ ಮಾತು ಕಿವಿಗೆ ಬಿದ್ದರೆ ಅದೊಂದು ವಿಶೇಷ ಸೌಲಭ್ಯ ಎಂದುಕೊಳ್ಳಬೇಡಿ.

ಈಗಿನ ಸ್ಟೆಂಟುಗಳ ನಡುವಿನ ವ್ಯತ್ಯಾಸವನ್ನು ಮೂರು ವಿಷಯಗಳಲ್ಲಿ ನೋಡಬೇಕು.

ಮೊದಲನೆಯದು ಎಳೆಯ ದಪ್ಪ. ಜಾಲರಿಯ ಒಂದೊಂದು ಲೋಹದ ಎಳೆ ಎಷ್ಟು ದಪ್ಪವಿದೆ ಎಂಬುದನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೊದಲ ಪೀಳಿಗೆಯ ಸಿರೋಲಿಮಸ್ ಸ್ಟೆಂಟಿನ ಉಕ್ಕಿನ ಎಳೆ 140 ಮೈಕ್ರಾನ್ ಇತ್ತು. ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹ ಬಂದ ಮೇಲೆ ಅದು 80ರ ಆಸುಪಾಸಿಗೆ ಇಳಿಯಿತು. ಈಗ 60 ಮೈಕ್ರಾನಿನವೂ ಬಳಕೆಯಲ್ಲಿವೆ, ಎಂದರೆ ತಲೆಗೂದಲಿನಷ್ಟು ತೆಳು. ಹೊಳೆಯ ನಡುವೆ ದಪ್ಪ ಕಂಬ ನೆಟ್ಟರೆ ಅದರ ಬೆನ್ನಿಗೆ ನೀರು ಸುಳಿ ತಿರುಗುವಂತೆ, ದಪ್ಪ ಎಳೆಯ ಹಿಂದೆ ರಕ್ತ ಸುಳಿದು ಹೆಪ್ಪುಗಟ್ಟುವ ಸಂಭವ ಹೆಚ್ಚು. ತೆಳು ಎಳೆಯ ಮೇಲೆ ನಾಳದ ಒಳಪದರ ಬೇಗ ಹರಡಿಕೊಳ್ಳುತ್ತದೆ.

ಎರಡನೆಯದು ಪಾಲಿಮರ್, ಎಂದರೆ ಔಷಧವನ್ನು ಲೋಹಕ್ಕೆ ಅಂಟಿಸಿಟ್ಟು ನಿಧಾನವಾಗಿ ಬಿಡುವ ಪ್ಲಾಸ್ಟಿಕ್‌ನಂಥ ಪದರ. ಹಳೆಯ ಪಾಲಿಮರುಗಳು ಕೆಲವರಲ್ಲಿ ಉರಿಯೂತ ಉಂಟುಮಾಡಿ, ವರ್ಷ ಕಳೆದ ಮೇಲೂ ಹೆಪ್ಪುಗಟ್ಟಲು ಕಾರಣವಾದವು. 2006ರಲ್ಲಿ ಈ ಆತಂಕ ಜಗತ್ತಿನಾದ್ಯಂತ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಮೂರು ದಾರಿಗಳು ತೆರೆದುಕೊಂಡವು: ದೇಹಕ್ಕೆ ಒಗ್ಗುವ ಶಾಶ್ವತ ಪಾಲಿಮರ್, ಕೆಲವು ತಿಂಗಳಲ್ಲಿ ಕರಗಿಹೋಗುವ ಪಾಲಿಮರ್, ಪಾಲಿಮರೇ ಇಲ್ಲದ ಸ್ಟೆಂಟ್. ಮೂರೂ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ‘ಇದರ ಪಾಲಿಮರ್ ಕರಗುತ್ತದೆ’ ಎಂದಾಗ ‘ಸ್ಟೆಂಟೇ ಕರಗುತ್ತದೆ’ ಎಂದು ಕೇಳಿಸಿಕೊಳ್ಳುವವರು ಬಹಳ. ಕರಗುವುದು ಲೇಪನ ಮಾತ್ರ. ಲೋಹ ಕೊನೆಯವರೆಗೂ ಒಳಗೇ ಇರುತ್ತದೆ.

ಮೂರನೆಯದು ಔಷಧ. ಸಿರೋಲಿಮಸ್ ಮತ್ತು ಅದೇ ಕುಲದ ಎವರೋಲಿಮಸ್, ಜೋಟರೋಲಿಮಸ್ ಈಗ ಬಳಕೆಯಲ್ಲಿರುವವು. ಪ್ಯಾಕ್ಲಿಟಾಕ್ಸೆಲ್ ಲೇಪಿತ ಸ್ಟೆಂಟ್ ಹಿಂದೆ ಸರಿದಿದೆ. 1,830 ಮಧುಮೇಹಿಗಳ ಮೇಲೆ ನಮ್ಮ ದೇಶದಲ್ಲೇ ನಡೆದು 2015ರಲ್ಲಿ ಪ್ರಕಟವಾದ ಟಕ್ಸೀಡೊ ಅಧ್ಯಯನ ಎವರೋಲಿಮಸ್ ಮೇಲು ಎಂದು ತೋರಿಸಿತು.

ಇನ್ನು ‘ಇಂಡಿಯನ್ನೋ ಫಾರಿನ್ನೋ’ ಎಂಬುದು. 1990ರ ದಶಕದಲ್ಲಿ ಅಬ್ದುಲ್ ಕಲಾಂ ಮತ್ತು ಹೈದರಾಬಾದಿನ ಹೃದ್ರೋಗ ತಜ್ಞ ಸೋಮರಾಜು ಸೇರಿ ಅಗ್ಗದ ಕಲಾಂ–ರಾಜು ಸ್ಟೆಂಟ್ ರೂಪಿಸಿದ್ದನ್ನು ಕೆಲವರಾದರೂ ಕೇಳಿರುತ್ತೀರಿ. ಈಗ ಗುಜರಾತಿನ ಸೂರತ್, ವಾಪಿಗಳ ಕಾರ್ಖಾನೆಗಳಿಂದ ಸ್ಟೆಂಟ್‌ಗಳು ಯುರೋಪಿಗೂ ಹೋಗುತ್ತಿವೆ. ಸೂರತ್‌ನಲ್ಲಿ ತಯಾರಾಗುವ 60 ಮೈಕ್ರಾನಿನ ಸೂಪ್ರಾಫ್ಲೆಕ್ಸ್ ಸ್ಟೆಂಟನ್ನು ಅಮೆರಿಕದ ಹೆಸರಾಂತ ಕ್ಸಯೆನ್ಸ್ ಸ್ಟೆಂಟಿನೊಡನೆ ಯುರೋಪಿನ ರೋಗಿಗಳಲ್ಲೇ ಹೋಲಿಸಿದ ಟ್ಯಾಲೆಂಟ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಭಾರತೀಯ ಸ್ಟೆಂಟ್ ಹಿಂದೆ ಬೀಳಲಿಲ್ಲ. ಹಾಗೆಂದು ಭಾರತದಲ್ಲಿ ತಯಾರಾದ ಪ್ರತಿಯೊಂದು ಸ್ಟೆಂಟಿಗೂ ಇಂಥ ಪುರಾವೆ ಇದೆ ಎಂದಲ್ಲ. ಹಾಗಾಗಿ ದೇಶದ ಹೆಸರನ್ನು ಬಿಟ್ಟು, ‘ಈ ಮಾಡೆಲ್‌ಗೆ ದೊಡ್ಡ ಪ್ರಮಾಣದ ಹೋಲಿಕೆಯ ಅಧ್ಯಯನ ನಡೆದಿದೆಯೇ, ನಿಮ್ಮ ಕೈಯಲ್ಲಿ ಇದು ಎಷ್ಟು ಕಾಲದಿಂದ ಬಳಕೆಯಲ್ಲಿದೆ?’ ಎಂದು ಕೇಳಿ.

ಹಂತ 4: ಕರಗುವ ಸ್ಟೆಂಟ್, ಔಷಧದ ಬಲೂನು – ನಿಮಗೆ ಹೊಂದುತ್ತವೆಯೇ?

ಕರಗುವ ಸ್ಟೆಂಟಿನ ಕಲ್ಪನೆ ಸೊಗಸಾಗಿದೆ: ನಾಳ ವಾಸಿಯಾಗುವವರೆಗೆ ಆಸರೆ ಕೊಟ್ಟು, ಆಮೇಲೆ ಮಾಯವಾಗುವುದು. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ ಅಬ್ಸಾರ್ಬ್‌ಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 2017ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಅದರ ಎಳೆ ಸುಮಾರು 150 ಮೈಕ್ರಾನ್ ದಪ್ಪವಿತ್ತು, ಲೋಹದ ಸ್ಟೆಂಟಿಗಿಂತ ಹೆಚ್ಚು ಮಂದಿಗೆ ಅದರಲ್ಲಿ ಹೆಪ್ಪುಗಟ್ಟಿತು. ಅದಾದ ಮೇಲೆ ಮೆಗ್ನೀಸಿಯಂ ಲೋಹದಿಂದ ಮಾಡಿ ಸುಮಾರು ಒಂದು ವರ್ಷದಲ್ಲಿ ಕರಗುವ ಸ್ಟೆಂಟ್ ಯುರೋಪಿನಲ್ಲಿ ಬಂದಿದೆ, ವಾಪಿಯಲ್ಲಿ 100 ಮೈಕ್ರಾನಿನ ಮೆರೆಸ್-100 ತಯಾರಾಗಿದೆ. ಸುಧಾರಣೆ ಆಗಿರುವುದು ನಿಜ. ಆದರೆ ಒಳ್ಳೆಯ ಲೋಹದ ಸ್ಟೆಂಟನ್ನು ಇವು ಮೀರಿಸಿವೆ ಎನ್ನುವ ದೀರ್ಘಾವಧಿಯ ಪುರಾವೆ ಬರುವ ತನಕ, ನನ್ನ ಮನೆಯವರಿಗಾದರೆ ನಾನು ಕೇಳಿ ಹಾಕಿಸುವವನಲ್ಲ.

ಲೋಹ ಉಳಿದೂ ನಾಳವನ್ನು ಬಿಗಿದು ಹಿಡಿಯದ ಇನ್ನೊಂದು ಬಗೆ ಬಯೋಅಡಾಪ್ಟರ್. ಇದರ ಉಂಗುರಗಳನ್ನು ಕೂಡಿಸಿರುವ ಪಾಲಿಮರ್ ಆರು ತಿಂಗಳ ಹೊತ್ತಿಗೆ ಕರಗಿ, ಜಾಲರಿಯ ಬಿಗಿ ಬಿಚ್ಚಿಕೊಳ್ಳುತ್ತದೆ. ನಾಳ ತನ್ನ ಸಹಜ ಮಿಡಿತಕ್ಕೆ ಮರಳುತ್ತದೆ. ಸ್ವೀಡನ್ನಿನ ದೊಡ್ಡ ಅಧ್ಯಯನವೊಂದರಲ್ಲಿ 2024ರಲ್ಲಿ ಬಂದ ಫಲಿತಾಂಶ ಆಶಾದಾಯಕವಾಗಿದೆ. ಇಂಥ ಪ್ರಯತ್ನಕ್ಕೆ ಕಾರಣವಿದೆ: ಈಗಿನ ಅತ್ಯುತ್ತಮ ಸ್ಟೆಂಟಿನಲ್ಲೂ ಮೊದಲ ವರ್ಷದ ನಂತರ ಪ್ರತಿ ವರ್ಷ ನೂರಕ್ಕೆ ಸುಮಾರು ಇಬ್ಬರಿಗೆ ಸ್ಟೆಂಟಿಗೆ ಸಂಬಂಧಿಸಿದ ತೊಂದರೆ ಕಾಣಿಸುತ್ತಲೇ ಇರುತ್ತದೆ.

ಔಷಧ ಲೇಪಿತ ಬಲೂನು ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಲೂನನ್ನು ತಡೆಯ ಜಾಗದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಉಬ್ಬಿಸಿ, ಔಷಧವನ್ನು ಗೋಡೆಗೆ ಸವರಿ, ಹೊರಗೆ ತೆಗೆಯುತ್ತಾರೆ. ಒಳಗೆ ಏನೂ ಉಳಿಯುವುದಿಲ್ಲ. ಹಳೆಯ ಸ್ಟೆಂಟಿನೊಳಗೇ ಮತ್ತೆ ತಡೆಯಾದಾಗ ಲೋಹದ ಮೇಲೆ ಲೋಹ ಹಾಕುವ ಬದಲು ಇದನ್ನು ಬಳಸುವುದು ಭಾರತದಲ್ಲಿ ಬಹಳ ವರ್ಷಗಳಿಂದ ರೂಢಿಯಲ್ಲಿದೆ. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2024ರಲ್ಲಿ. ಮೂರು ಮಿಲಿಮೀಟರಿಗಿಂತ ಸಣ್ಣ ನಾಳಗಳಲ್ಲಿ ಬಲೂನು ಸ್ಟೆಂಟಿಗೆ ಸಮನಾಗಿ ನಿಂತಿತೆಂದು 2018ರ ಬಾಸ್ಕೆಟ್-ಸ್ಮಾಲ್ 2 ಅಧ್ಯಯನ ತೋರಿಸಿದೆ. ಆದರೆ ಗಾತ್ರ ನೋಡದೆ ಹೊಸ ತಡೆಗಳಿಗೆಲ್ಲ ಬಲೂನನ್ನೇ ಬಳಸಿ ನೋಡಿದ ಚೀನಾದ ಅಧ್ಯಯನದಲ್ಲಿ, 2024ರಲ್ಲಿ, ಅದು ಸ್ಟೆಂಟಿನ ಮಟ್ಟ ಮುಟ್ಟಲಿಲ್ಲ. ‘ಲೋಹವಿಲ್ಲದ ಚಿಕಿತ್ಸೆ’ ಎಂಬ ಜಾಹೀರಾತಿಗೆ ಮಾರುಹೋಗುವ ಮುನ್ನ ನಿಮ್ಮ ನಾಳದ ಅಳತೆ ಎಷ್ಟೆಂದು ಕೇಳಿಕೊಳ್ಳಿ.

ಹಂತ 5: ಹಾಕುವ ರೀತಿಯ ಬಗ್ಗೆ ಕೇಳಿ

ನನ್ನ ಮಟ್ಟಿಗೆ ಕಳೆದ ಹತ್ತು ವರ್ಷಗಳ ದೊಡ್ಡ ಬದಲಾವಣೆ ಆಗಿರುವುದು ಇಲ್ಲಿ. ಸ್ಟೆಂಟ್ ಒಳಗೆ ಕೈಕೊಡುವುದು ಬಹಳ ಸಲ ಅದರ ದೋಷದಿಂದಲ್ಲ. ಅದು ಪೂರ್ತಿ ಅರಳದೆ, ಗೋಡೆಗೆ ಸರಿಯಾಗಿ ಅಂಟದೆ, ಅಥವಾ ಅಳತೆಗಿಂತ ಚಿಕ್ಕದಾಗಿ ಕೂತಿರುವುದರಿಂದ. ಆಂಜಿಯೋಗ್ರಾಂ ನಾಳದ ನೆರಳನ್ನಷ್ಟೇ ತೋರಿಸುತ್ತದೆ. ಐವಸ್ ಎಂಬ ಸಾಧನ ಶಬ್ದತರಂಗದಿಂದ, ಓಸಿಟಿ ಎಂಬುದು ಬೆಳಕಿನಿಂದ, ನಾಳದ ಒಳಗೆ ಹೋಗಿ ಅದರ ಅಡ್ಡಕೊಯ್ತದ ಚಿತ್ರ ತೆಗೆಯುತ್ತವೆ. ಪರದೆಯ ಮೇಲೆ ನಾಳ ಬಳೆಯಂತೆ ದುಂಡಗೆ ಕಾಣುತ್ತದೆ. ಬಳೆಯ ಒಳಅಂಚಿನಲ್ಲಿ ಸ್ಟೆಂಟಿನ ಎಳೆಗಳು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ಚುಕ್ಕಿಗೂ ಗೋಡೆಗೂ ನಡುವೆ ಕಪ್ಪು ಸಂದು ಕಂಡರೆ ಸ್ಟೆಂಟ್ ಅಲ್ಲಿ ಕೂತಿಲ್ಲವೆಂದರ್ಥ, ಇನ್ನೊಮ್ಮೆ ದೊಡ್ಡ ಬಲೂನು ಹಾಕಿ ಒತ್ತಬೇಕು.

ಕೊರಿಯಾದಲ್ಲಿ 1,639 ಕ್ಲಿಷ್ಟ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳಚಿತ್ರ ನೋಡಿ ಸ್ಟೆಂಟ್ ಹಾಕಿದವರಲ್ಲಿ ಶೇ 7.7 ಮಂದಿಗೆ, ಬರಿಯ ಆಂಜಿಯೋ ನೋಡಿ ಹಾಕಿದವರಲ್ಲಿ ಶೇ 12.3 ಮಂದಿಗೆ ಆ ನಾಳದಿಂದ ಗಂಭೀರ ತೊಂದರೆಯಾಯಿತು. ಎರಡು ಒಳ್ಳೆಯ ಸ್ಟೆಂಟುಗಳ ನಡುವೆ ಇಷ್ಟು ಅಂತರ ಕಾಣಸಿಗುವುದು ಅಪರೂಪ. ಎಡ ಮುಖ್ಯ ನಾಳ, ಕವಲೊಡೆಯುವ ಜಾಗ, ಉದ್ದನೆಯ ತಡೆ ಇಂಥ ಕಡೆ ಒಳಚಿತ್ರ ಬಳಸಲೇಬೇಕೆಂದು ಯುರೋಪಿನ 2024ರ ಮಾರ್ಗಸೂಚಿ ಬಲವಾಗಿ ಹೇಳುತ್ತದೆ.

ಒಳಚಿತ್ರ ತೆಗೆಯಲು ಒಮ್ಮೆ ಮಾತ್ರ ಬಳಸುವ ಕ್ಯಾಥೆಟರ್‌ಗೆ, ಎಂದರೆ ತೆಳು ಕೊಳವೆಗೆ, ಪ್ರತ್ಯೇಕ ಖರ್ಚಿದೆ, ಎಲ್ಲ ಕ್ಯಾಥ್ ಲ್ಯಾಬ್‌ಗಳಲ್ಲಿ ಯಂತ್ರವೂ ಇರುವುದಿಲ್ಲ. ನಿಮ್ಮದು ಕ್ಲಿಷ್ಟವಾದ ತಡೆ ಎಂದಿದ್ದರೆ, ಕೈಯಲ್ಲಿರುವ ಹಣವನ್ನು ಹೆಚ್ಚು ಬೆಲೆಯ ಸ್ಟೆಂಟಿಗೆ ಹಾಕುವುದಕ್ಕಿಂತ ಇದಕ್ಕೆ ಹಾಕುವುದು ಮೇಲು.

ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ, ಡಯಾಲಿಸಿಸ್ ಮಾಡಿಸುವವರಲ್ಲಿ ತಡೆ ಸುಣ್ಣಗಟ್ಟಿ ಕಲ್ಲಿನಂತಾಗಿರುತ್ತದೆ. ಅಂಥಲ್ಲಿ ಬಲೂನು ಉಬ್ಬುವುದೇ ಇಲ್ಲ. ವಜ್ರದ ಪುಡಿ ಲೇಪಿಸಿದ ಪುಟ್ಟ ಕೊರೆಯುವ ತುದಿಯನ್ನು ಗರಗರ ತಿರುಗಿಸಿ ಸುಣ್ಣವನ್ನು ತರಿಯುವ ರೋಟಾ ವಿಧಾನ ಹಳೆಯದು. ಮೂತ್ರಪಿಂಡದ ಕಲ್ಲನ್ನು ಒಡೆಯುವ ಹಾಗೆಯೇ ಆಘಾತ ತರಂಗದಿಂದ ನಾಳದ ಸುಣ್ಣದಲ್ಲಿ ಬಿರುಕು ಮೂಡಿಸುವ ಬಲೂನು ಹೊಸದು, ದುಬಾರಿಯೂ ಹೌದು. ಸುಣ್ಣವನ್ನು ಹದ ಮಾಡದೆ ಸ್ಟೆಂಟ್ ತುರುಕಿದರೆ ಅದು ಅರ್ಧ ಅರಳಿ ಅಲ್ಲೇ ನಿಲ್ಲುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ.

ಹಂತ 6: ಹಣದ ಲೆಕ್ಕ

2017ರ ಫೆಬ್ರುವರಿಗೆ ಮೊದಲು ಔಷಧ ಲೇಪಿತ ಸ್ಟೆಂಟಿಗೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ತೆತ್ತವರು ಬಹಳ ಮಂದಿ. ಆ ತಿಂಗಳು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಗರಿಷ್ಠ ಬೆಲೆ ಗೊತ್ತುಮಾಡಿತು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿತ ಮತ್ತು ಕರಗುವ ಸ್ಟೆಂಟ್‌ಗಳಿಗೆ 29,600 ರೂಪಾಯಿ. ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಅದು ಆಗಾಗ ಪರಿಷ್ಕರಣೆಯಾಗುತ್ತದೆ. ಇತ್ತೀಚಿನ ವರ್ಷಗಳಲ್ಲೂ ಔಷಧ ಲೇಪಿತ ಸ್ಟೆಂಟಿನ ಮಿತಿ, ಜಿಎಸ್‌ಟಿ ಬಿಟ್ಟು, 40 ಸಾವಿರ ರೂಪಾಯಿಯ ಒಳಗೇ ಇದೆ. ಸ್ವದೇಶಿ, ವಿದೇಶಿ ಎಂಬ ಭೇದ ಈ ಮಿತಿಗಿಲ್ಲ. ನಾಲ್ಕು ದರದ ನಾಲ್ಕು ಸ್ಟೆಂಟ್ ತೋರಿಸಿ ‘ಲಕ್ಷದ್ದು ಇನ್ನೂ ಒಳ್ಳೆಯದು’ ಎಂದು ಯಾರಾದರೂ ಹೇಳಿದರೆ, ಆ ಲಕ್ಷದಲ್ಲಿ ಸ್ಟೆಂಟಿನ ಪಾಲು ಎಷ್ಟೆಂದು ಬರೆದು ಕೊಡಲು ಹೇಳಿ.

ಒಟ್ಟು ಬಿಲ್ಲು ಹಿಗ್ಗುವುದು ಕ್ಯಾಥ್ ಲ್ಯಾಬ್ ಶುಲ್ಕ, ವೈದ್ಯರ ಶುಲ್ಕ, ಬಲೂನು, ತಂತಿ, ಐಸಿಯು ಬಾಡಿಗೆಗಳಿಂದ. ಸ್ಟೆಂಟಿನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯ ಸಮೇತ ನಮೂದಿಸಬೇಕೆಂದು ಪ್ರಾಧಿಕಾರದ ಆದೇಶವಿದೆ. ‘ಪ್ಯಾಕೇಜ್’ ಎಂಬ ಒಂದೇ ಸಾಲಿನ ಬಿಲ್ಲನ್ನು ಒಪ್ಪಬೇಡಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರಿ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಬೇಕು. ಚಿಕಿತ್ಸೆ ಮುಗಿದ ಮೇಲೆ ಪತ್ರ ತರುತ್ತೇನೆ ಎಂದು ಹೊರಟವರು ಬರಿಗೈಯಲ್ಲಿ ಹಿಂದಿರುಗಿದ್ದಾರೆ.

ಹಂತ 7: ಅಂಟುಚೀಟಿ ಬಿಡಬೇಡಿ

ಸ್ಟೆಂಟ್ ಪೆಟ್ಟಿಗೆಯೊಡನೆ ಹರಿದು ಅಂಟಿಸಬಹುದಾದ ಚೀಟಿಗಳು ಬರುತ್ತವೆ. ಒಂದು ಕೇಸ್‌ಶೀಟಿಗೆ, ಒಂದು ಬಿಲ್ಲಿಗೆ, ಒಂದು ರೋಗಿಯ ಕೈಗೆ. ಅದರ ಮೇಲೆ ‘3.00 × 28’ ಎಂದಿದ್ದರೆ ಅರಳಿದಾಗ ಸ್ಟೆಂಟಿನ ವ್ಯಾಸ ಮೂರು ಮಿಲಿಮೀಟರ್, ಉದ್ದ ಇಪ್ಪತ್ತೆಂಟು ಮಿಲಿಮೀಟರ್ ಎಂದರ್ಥ. ಪಕ್ಕದಲ್ಲಿ ಲಾಟ್ ಸಂಖ್ಯೆ, ಮರಳುಗಡಿಯಾರದ ಚಿತ್ರದ ಬದಿಯಲ್ಲಿ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಡಿಸ್ಚಾರ್ಜ್ ಆಗುವ ಮುನ್ನ ಈ ಚೀಟಿ, ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಮೂರರಲ್ಲೂ ಹೆಸರು ಮತ್ತು ಸಂಖ್ಯೆ ಒಂದೇ ಇದೆಯೇ ನೋಡಿ. ಬಿಲ್ಲಿನಲ್ಲಿ ಎರಡು ಸ್ಟೆಂಟ್ ಇದ್ದರೆ ಚೀಟಿಗಳೂ ಎರಡಿರಬೇಕು.

ನಮ್ಮ ಚಿಕ್ಕಮ್ಮನ ಸಾರಾಂಶದಲ್ಲಿ ‘ಡಿಇಎಸ್ – 2’ ಎಂದಷ್ಟೇ ಬರೆದಿದ್ದರು. ಆರು ವರ್ಷದ ಮೇಲೆ ಮತ್ತೆ ನೋವು ಬಂದು ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಅಳತೆ ಎಷ್ಟು, ಯಾವ ಮಾಡೆಲ್ ಎಂದು ಕೇಳಿದರು. ಹಳೆಯ ಆಸ್ಪತ್ರೆಯಲ್ಲಿ ದಾಖಲೆ ಸಿಗಲಿಲ್ಲ. ಚೀಟಿ ಸಿಕ್ಕ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ. ಆಂಜಿಯೋಪ್ಲಾಸ್ಟಿಯ, ಎಂದರೆ ಬಲೂನು–ಸ್ಟೆಂಟ್ ಹಾಕಿದ ಚಿಕಿತ್ಸೆಯ, ಸಿ.ಡಿ.ಯನ್ನೂ ಕೇಳಿ ಪಡೆಯಿರಿ.

ಹಂತ 8: ಮಾತ್ರೆಗಳು

ಸ್ಟೆಂಟ್ ಹಾಕಿದ ಮೇಲೆ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಒಟ್ಟಿಗೆ ಕೊಡುತ್ತಾರೆ: ಆಸ್ಪಿರಿನ್, ಅದರೊಡನೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್, ಪ್ರಾಸುಗ್ರೆಲ್‌ಗಳಲ್ಲಿ ಒಂದು. ಸ್ಥಿರವಾದ ನೋವಿಗೆ ಹಾಕಿಸಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ನಂತರವಾದರೆ ಹನ್ನೆರಡು ತಿಂಗಳು. ಹೊಸ ಸ್ಟೆಂಟುಗಳ ಒಂದು ನಿಜವಾದ ಲಾಭ ಇಲ್ಲಿದೆ. ರಕ್ತಸ್ರಾವದ ಅಪಾಯ ಹೆಚ್ಚಿರುವ ರೋಗಿಗಳಿಗೆ ಎರಡು ಮಾತ್ರೆಯನ್ನು ಒಂದೇ ತಿಂಗಳಿಗೆ ಮೊಟಕುಗೊಳಿಸಬಹುದೆಂದು 2015ರ ಲೀಡರ್ಸ್ ಫ್ರೀ, 2021ರ ಮಾಸ್ಟರ್ ಡಾಪ್ಟ್ ಅಧ್ಯಯನಗಳು ತೋರಿಸಿಕೊಟ್ಟವು. ಆರಂಭದಲ್ಲಿ ಹೇಳಿದ ಹೊಟ್ಟೆಹುಣ್ಣು, ಶಸ್ತ್ರಚಿಕಿತ್ಸೆಯ ವಿಚಾರಗಳನ್ನು ವೈದ್ಯರಿಗೆ ತಿಳಿಸಬೇಕು ಎಂದಿದ್ದು ಇದಕ್ಕೇ. ಆದರೆ ಈ ಮೊಟಕುಗೊಳಿಸುವ ತೀರ್ಮಾನ ವೈದ್ಯರದು, ನಿಮ್ಮದಲ್ಲ.

ಮೊದಲ ತಿಂಗಳುಗಳಲ್ಲಿ ಮಾತ್ರೆ ತಪ್ಪಿಸಿದರೆ ಸ್ಟೆಂಟ್ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿ ಮುಚ್ಚಿಹೋಗಬಹುದು, ಅದು ಪ್ರಾಣಕ್ಕೇ ಬರುವ ಸಂಗತಿ. ಹೆಚ್ಚಿನವರು ಬೇಕೆಂದು ನಿಲ್ಲಿಸುವುದಿಲ್ಲ. ಊರಿಗೆ ಮದುವೆಗೆಂದು ಹೋದಾಗ ಮಾತ್ರೆ ಮುಗಿದಿರುತ್ತದೆ, ಹಲ್ಲು ಕೀಳಿಸಲು ಹೋದಾಗ ಯಾರೋ ನಿಲ್ಲಿಸಲು ಹೇಳಿರುತ್ತಾರೆ. ಹಲ್ಲು ಕೀಳಿಸಲು ಸಾಮಾನ್ಯವಾಗಿ ಇವನ್ನು ನಿಲ್ಲಿಸುವ ಅಗತ್ಯವಿಲ್ಲ. ಬೇರೆ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಟಿಕಾಗ್ರೆಲಾರ್ ಕೆಲವರಿಗೆ ಉಸಿರುಕಟ್ಟಿದಂತೆ ಮಾಡುತ್ತದೆ. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಕ್ಲೋಪಿಡೋಗ್ರೆಲ್ ನುಂಗುವವರು ಗ್ಯಾಸಿಗೆಂದು ಮೆಡಿಕಲ್ ಶಾಪಿನಿಂದ ಒಮೆಪ್ರಜೋಲ್ ತಂದು ತಿನ್ನಬಾರದು, ಅದು ಕ್ಲೋಪಿಡೋಗ್ರೆಲ್‌ನ ಬಲ ಕುಗ್ಗಿಸುತ್ತದೆ, ಪ್ಯಾಂಟೊಪ್ರಜೋಲ್ ಬರೆಸಿಕೊಳ್ಳಿ.

ಸ್ಟೆಂಟ್ ರಿಪೇರಿ ಮಾಡುವುದು ಒಂದೆರಡು ಅಂಗುಲದ ಜಾಗವನ್ನು. ಉಳಿದ ನಾಳಗಳಲ್ಲಿ ಜಿಡ್ಡು ಕಟ್ಟುವುದನ್ನು ತಡೆಯುವುದು ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಕೆಟ್ಟ ಕೊಲೆಸ್ಟೆರಾಲ್ ಎನ್ನುವ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಲ್ಯಾಬ್ ವರದಿಯಲ್ಲಿ 100ರವರೆಗೆ ‘ನಾರ್ಮಲ್’ ಎಂದು ಅಚ್ಚಾಗಿರುವುದು ಹೃದ್ರೋಗ ಇಲ್ಲದವರಿಗೆ.

ಕೊನೆಗೆ, ಪದೇ ಪದೇ ಬರುವ ಮೂರು ಸಣ್ಣ ಪ್ರಶ್ನೆಗಳು. ಈಗಿನ ಸ್ಟೆಂಟ್ ಇರುವವರು ಎಂಆರ್‌ಐ ಮಾಡಿಸಬಹುದು, ಮೇಲಿನ ಚೀಟಿಯನ್ನು ತೋರಿಸಿದರೆ ಸಾಕು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅದು ಸದ್ದು ಮಾಡುವುದಿಲ್ಲ. ವರ್ಷ ತುಂಬಿತೆಂದು, ಯಾವ ತೊಂದರೆಯೂ ಇಲ್ಲದೆ, ಮತ್ತೆ ಆಂಜಿಯೋ ಅಥವಾ ಟ್ರೆಡ್‌ಮಿಲ್ ಪ್ಯಾಕೇಜ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಪಾಯ ಹೆಚ್ಚಿರುವ ರೋಗಿಗಳಲ್ಲೇ ಕೊರಿಯಾದಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಢಿಗೆಂದು ಪರೀಕ್ಷೆ ಮಾಡಿಸಿದವರಿಗೂ ಲಕ್ಷಣ ಕಂಡಾಗ ಮಾತ್ರ ಮಾಡಿಸಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಳೆಯ ನೋವು ಅದೇ ಜಾಗದಲ್ಲಿ, ಅದೇ ಬಗೆಯಲ್ಲಿ ಮರುಕಳಿಸಿದರೆ ಮಾತ್ರ ವರ್ಷ ತುಂಬುವುದನ್ನು ಕಾಯದೆ ಅಂದೇ ಹೋಗಿ, ಫೈಲು ಸಮೇತ.